ಎರಡು ಬೆರಳು ಮೇಲೆದ್ದ ಗೆರೆ

ಮಾರ್ಚ್ ೩, ಸೋಮವಾರ

ವಿಷಯ: ಮೋಟಾರು ವಾಹನಗಳೇ ಓಡಾಡದ ರಸ್ತೆಯಲ್ಲಿ, ಒಣ ಹವೆಯ ಒಂದು ಬೆಳಗ್ಗೆ, ಹನ್ನೊಂದು ವರ್ಷ ಸೈಕಲ್ ತುಳಿದು ಪಳಗಿದ ಇಪ್ಪತ್ತಾರರ ಹೆಣ್ಣುಮಗಳು ಅನ್ಯರ ಪಾತ್ರವಿಲ್ಲದೆ ತಾನಾಗಿ ಬಿದ್ದು ಸಾಯುವುದು ಸಾಧ್ಯ. ಪರವಾಗಿ: ರಸ್ತೆ ಕಚೇರಿ. ವಿರೋಧವಾಗಿ: ನಾನು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದಕ್ಕಿಂತ ದುರ್ಬಲವಾದ ಪಕ್ಷ ಹಿಡಿದು ಗೆದ್ದಿದ್ದೇನೆ. ಆದರೆ ಅಲ್ಲಿ ಸೋತರೆ ಕೈತಪ್ಪುತ್ತಿದ್ದುದು ಒಂದು ಹಿತ್ತಾಳೆಯ ಬಟ್ಟಲು. ಇಲ್ಲಿ, ಈ ತಿಂಗಳ ಇಪ್ಪತ್ತೆಂಟರೊಳಗೆ ಆಧಾರಸಹಿತ ಆಕ್ಷೇಪಣೆ ಸಲ್ಲಿಸದಿದ್ದರೆ "ಸವಾರಳ ನಿಯಂತ್ರಣ ತಪ್ಪಿ" ಎಂಬ ಮೂರು ಪದಗಳೊಂದಿಗೆ ನನ್ನ ಮಗಳ ಕಡತ ಮುಚ್ಚಿಹೋಗುತ್ತದೆ.

ನನ್ನಲ್ಲಿರುವ ಆಧಾರಗಳು ಎರಡು. ಮೊದಲನೆಯದು: ಡಿಸೆಂಬರ್ ಹದಿನಾಲ್ಕರಂದು ಅವಳು ತಲೆ ಮುಂದಾಗಿ ಕಲ್ಲಿನ ಕಟ್ಟೆಯ ಮೇಲೆ ಬಿದ್ದಳೆಂದು ವರದಿ ಹೇಳುತ್ತದೆ, ಆದರೆ ಪೊಲೀಸರು ಮನೆಗೆ ತಂದೊಪ್ಪಿಸಿದ ಅವಳ ನೀಲಿ ಸೈಕಲ್ಲಿನಲ್ಲಿ ಒಂದು ಗೀರು ಕೂಡ ಇಲ್ಲ. ಎರಡನೆಯದು: ಸೀಟಿನ ಕೆಳಗಿನ ಕೊಳವೆಯ ಮೇಲೆ ತನ್ನ ಎತ್ತರಕ್ಕೆ ಗುರುತಾಗಿ ಅವಳು ಉಗುರುಬಣ್ಣದಿಂದ ಒಂದು ಕೆಂಪು ಗೆರೆ ಎಳೆದುಕೊಂಡಿದ್ದಳು. ಸೀಟು ಸರಿಯಾಗಿದ್ದರೆ ಗೆರೆ ಆ ಕೊಳವೆಯನ್ನು ಬಿಗಿಯುವ ಹಿಡಿಕೆಯ ಅಂಚಿಗೆ ತಾಗಿಕೊಂಡಿರಬೇಕು. ಈಗ ಅದು ಅಂಚಿನಿಂದ ಎರಡು ಬೆರಳು ಮೇಲೆದ್ದಿದೆ. ಅಂದರೆ ಅವಳಿಗಿಂತ ಎತ್ತರದ ಯಾರೋ ಆ ಸೈಕಲ್ ಮೇಲೆ ಕುಳಿತಿದ್ದಾರೆ.

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ತಕ್ಕಡಿಗಳನ್ನು ಅನುಮಾನಿಸಿ ನಿವೃತ್ತನಾದವನು ನಾನು. ಎರಡು ಬೆರಳಿನ ವ್ಯತ್ಯಾಸವನ್ನು ನನ್ನ ಮುಂದೆ ಯಾರೂ ದಾಟಿಸಲಾರರು.

ಆ ರಸ್ತೆ ಶುರುವಾಗುವ ಕಣಿವೆಯ ಗೇಟಿನ ಎದುರಿಗೇ ಒಂದು ಕೋಣೆ ಹಿಡಿದಿದ್ದೇನೆ. ಕಬ್ಬಿಣದ ಮಂಚ, ಒಂದು ಮೇಜು, ಒಂದು ಕಿಟಕಿ. ಕಿಟಕಿಯಿಂದ ಗೇಟು ಪೂರ್ತಿ ಕಾಣುತ್ತದೆ. ಆ ಕಾರಣಕ್ಕೇ ಇದನ್ನು ಆರಿಸಿದೆ. ಹೊರಡುವಾಗ ಹೆಂಡತಿ ಬಾಗಿಲವರೆಗೂ ಬರಲಿಲ್ಲ. "ಅವಳನ್ನೂ ತಕ್ಕಡೀಗೆ ಹಾಕಿ ನೋಡ್ಬೇಕಾ ನಿಮಗೆ?" ಎಂದಳು, ಒಳಗಿನಿಂದಲೇ.

ಒಂದು ಮಾತನ್ನು ದಾಖಲಿಸಿಡಬೇಕು. ಅಂದು ಮುಂಜಾನೆ ಮಗಳು ರೈಲಿಗೆ ಹೊರಟಾಗ, ಎಂದಿನಂತೆ, "ನೋಡ್ಕೊಂಡು ಹೋಗು" ಎಂದು ಎಚ್ಚರಿಸಿಯೇ ಕಳಿಸಿದ್ದೆ. ನನ್ನ ಕಡೆಯಿಂದ ಕರ್ತವ್ಯಲೋಪವಿಲ್ಲ.

ಮಾರ್ಚ್ ೪, ಮಂಗಳವಾರ

ಸ್ಥಳಪರಿಚಯ. ಅಣೆಕಟ್ಟು ಕಟ್ಟುವಾಗ ಲಾರಿಗಳಿಗಾಗಿ ಮಾಡಿದ್ದ ಹಳೆಯ ರಸ್ತೆ. ಕೆಲಸ ಮುಗಿದ ಮೇಲೆ ಸೈಕಲ್ ಸವಾರರಿಗೂ ನಡೆಯುವವರಿಗೂ ಬಿಟ್ಟುಕೊಟ್ಟಿದ್ದಾರೆ. ನದಿಯ ಪಕ್ಕದಲ್ಲೇ ಇಪ್ಪತ್ತೆರಡು ಕಿಲೋಮೀಟರು ಸಾಗಿ ಅಣೆಕಟ್ಟಿನ ಗೋಡೆಗೆ ಮುಗಿಯುತ್ತದೆ. ಒಳಹೋದವರು ಇದೇ ಗೇಟಿನಿಂದ ಹೊರಬರಬೇಕು. ಹನ್ನೊಂದನೆಯ ಕಿಲೋಮೀಟರಿನಲ್ಲಿ ಒಂದು ಕಲ್ಲು ಸೇತುವೆ, ಅದರಾಚೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಪಾಳುಬಿದ್ದ ಪಂಪ್‌ಹೌಸು. ಅವಳು ಬಿದ್ದದ್ದು ಆ ಇಳಿಜಾರಿನ ತಿರುವಿನಲ್ಲಿ.

ಗೇಟಿನ ಕಾವಲಿಗೆ ದಪ್ಪ ಕನ್ನಡಕದ ಹೆಂಗಸೊಬ್ಬಳಿದ್ದಾಳೆ. ಎಲ್ಲರೂ ಗೇಟಮ್ಮ ಎನ್ನುತ್ತಾರೆ. ಉಣ್ಣೆಯ ಶಾಲು ಹೆಣೆಯುತ್ತ ಕೂರುತ್ತಾಳೆ. ಕಣ್ಣು ಮಾತ್ರ ಹೆಣಿಗೆಯ ಮೇಲಿರುವುದಿಲ್ಲ. ನನ್ನ ಮೊದಲ ಸಂಶಯ, ಅಂದು ಯಾವುದೋ ವಾಹನವನ್ನು ಕದ್ದು ಒಳಬಿಟ್ಟಿದ್ದಾರೆ ಎಂಬುದು. ಬೀಗದ ತುಕ್ಕನ್ನು ನಾನು ಭೂತಗನ್ನಡಿ ಹಿಡಿದು ನೋಡುತ್ತಿದ್ದಾಗ ಅವಳೇ ಎದ್ದು ಬಂದಳು.

"ಏನ್ ಸಾರ್, ಬೀಗಕ್ಕೆ ಕಣ್ಣಿನ ಪರೀಕ್ಷೆನಾ?"

"ಡಿಸೆಂಬರ್ ಹದಿನಾಲ್ಕಕ್ಕೆ ಈ ಗೇಟು ಯಾರಿಗಾಗಿ ತೆರೆಯಿತು?"

"ಆಂಬುಲೆನ್ಸಿಗೆ. ಹಿಂದೆ ಪೊಲೀಸ್ ಗಾಡಿಗೆ. ಬೇರೆ ಮೋಟಾರಿಗೆ ತೆಗೆದಿದ್ರೆ ನನ್ನ ಕೈ ಕತ್ತರಿಸಿ. ನನ್ನ ತಮ್ಮನ ಮದುವೇಲಿ ಹೆಣ್ಣಿನ ಕಡೆಯವರನ್ನೇ ಬಸ್ಸಿಂದ ಇಳಿಸಿ ನಡೆಸ್ದೋಳು ನಾನು. ಇವತ್ತಿಗೂ ನಾದಿನಿ ನನ್ನ ಹತ್ರ ಮಾತಾಡಲ್ಲ." ಅಷ್ಟು ಹೇಳಿ ನನ್ನ ಮುಖ ನೋಡಿ, ದನಿ ತಗ್ಗಿಸಿ, "ನೀವು ಆ ಹುಡುಗಿಯ ತಂದೆ, ಅಲ್ವಾ?" ಎಂದಳು.

ಹೇಗೆ ಗೊತ್ತಾಯಿತು? ನಾನು ಹೇಳಿರಲಿಲ್ಲ. ಯಾರೋ ಮೊದಲೇ ಸುದ್ದಿ ಮುಟ್ಟಿಸಿದ್ದಾರೆ.

ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಸೈಕಲ್ ರಿಪೇರಿ ಅಂಗಡಿ. ಮೆಕ್ಯಾನಿಕ್ ಐವತ್ತರ ಆಸುಪಾಸಿನ ಎತ್ತರದ ಆಳು. ಬಲಗೈಯ ತೋರುಬೆರಳೂ ನಡುಬೆರಳೂ ಮಡಚುವುದಿಲ್ಲ, ಹಳೆಯ ಗಾಯವಿರಬೇಕು. ವರದಿಯ ಪ್ರಕಾರ ಮಗಳು ಬಿದ್ದಿದ್ದುದನ್ನು ಮೊದಲು ಕಂಡವನು ಇವನೇ. ಮನೆಯಿಂದ ತಂದಿದ್ದ ನೀಲಿ ಸೈಕಲ್ಲನ್ನು ನಾನು ತಳ್ಳಿಕೊಂಡು ಹೋಗಿ ನಿಂತಾಗ ಅವನ ಕೈಯಿಂದ ಸ್ಪ್ಯಾನರು ಬಿತ್ತು. ಎತ್ತಿಕೊಳ್ಳಲು ತೆಗೆದುಕೊಂಡ ಸಮಯ ಅಗತ್ಯಕ್ಕಿಂತ ಹೆಚ್ಚು.

"ಸೀಟು ನಿಮಗೆ ಎತ್ತರ ಆಗುತ್ತೆ ಸಾರ್. ಇಳಿಸ್ಕೊಡ್ಲಾ?"

"ಮುಟ್ಟಕೂಡದು."

ಅವನು ಏಕೆ ಇಳಿಸಲು ಬಯಸಿದ?

ಮಾರ್ಚ್ ೫, ಬುಧವಾರ

ಸ್ಥಳಪರಿಶೀಲನೆಗೆ ಹನ್ನೊಂದು ಕಿಲೋಮೀಟರು ನಡೆದು ಹೋಗಿ ಬರುವುದು ನನ್ನ ಮಂಡಿಗಳಿಗೆ ಆಗದು. ಮೋಟಾರು ನಿಷಿದ್ಧ. ಆದ್ದರಿಂದ ನಲವತ್ತು ವರ್ಷಗಳ ನಂತರ ಸೈಕಲ್ ಹತ್ತಿದೆ. ಸಾಕ್ಷ್ಯ ಕೆಡಬಾರದೆಂದು ಸೀಟನ್ನು ಹಾಗೆಯೇ ಬಿಟ್ಟಿದ್ದರಿಂದ ಕಾಲ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ಎರಡು ಸಲ ಬಿದ್ದೆ. ಎರಡನೆಯ ಸಲ ಗೇಟಮ್ಮ ಹೆಣಿಗೆ ಕೆಳಗಿಟ್ಟು, "ಸಾಹೇಬ್ರೇ, ಗೇಟು ತೆಗೆದೇ ಇದೆ, ಗುದ್ದಿ ಒಳಗೆ ಹೋಗ್ಬೇಕಾಗಿಲ್ಲ" ಎಂದಳು.

ಎಡ ಮೊಣಕೈ ತರಚಿದೆ. ಹ್ಯಾಂಡಲ್ಲಿನ ಪಟ್ಟಿಯೂ ಕಿತ್ತಿದೆ. ಗಮನಿಸತಕ್ಕದ್ದು: ನಿಂತಲ್ಲಿಯೇ ಬಿದ್ದ ನನ್ನಿಂದಲೇ ಸೈಕಲ್ಲಿಗೆ ಇಷ್ಟು ಗಾಯವಾಯಿತು. ಮೊದಲ ಆಧಾರ ಇನ್ನಷ್ಟು ಬಲವಾಯಿತು.

ಮಾರ್ಚ್ ೮, ಶನಿವಾರ

ಮೂರು ದಿನದ ಪ್ರಯತ್ನದ ನಂತರ ಇಂದು ಸೇತುವೆ ಮುಟ್ಟಿದೆ. ತಿರುವನ್ನು ಟೇಪಿನಿಂದ ಅಳೆದೆ. ಅಗಲ ಐದೂವರೆ ಮೀಟರು. ಡಾಂಬರು ನಯವಾಗಿದೆ, ಗುಂಡಿಯಿಲ್ಲ, ಮರಳಿಲ್ಲ. ಕಟ್ಟೆಯ ಕಲ್ಲನ್ನು ಅಳೆಯಲಿಲ್ಲ.

ಒಂದು ಅನುಮಾನಾಸ್ಪದ ಸಂಗತಿ. ಬೆಳಗ್ಗೆ ನೋಡಿದರೆ ಎರಡು ಚಕ್ರಗಳಿಗೂ ಯಾರೋ ಗಾಳಿ ತುಂಬಿದ್ದರು. ಸರಪಳಿಗೆ ಎಣ್ಣೆಯೂ ಬಿದ್ದಿತ್ತು. ನಿನ್ನೆ ಕಿರುಗುಟ್ಟುತ್ತಿದ್ದ ಪೆಡಲು ಇಂದು ಮೌನ. ಕೇಳದೆಯೇ ಇಷ್ಟು ಉಪಕಾರ ಮಾಡುವವರ ಉದ್ದೇಶವೇನು? ಸಾಕ್ಷ್ಯವನ್ನು ಒರೆಸಿಹಾಕುವುದೇ? ಕೆಂಪು ಗೆರೆಯನ್ನು ಅಳೆದೆ. ಅದು ಇದ್ದಲ್ಲಿಯೇ ಇದೆ.

ಹಿಂತಿರುಗುವಾಗ ನದಿ ಎಡಕ್ಕಿತ್ತು. ಮೋಟಾರು ಇಲ್ಲದ ರಸ್ತೆಯಲ್ಲಿ ನೀರಿನ ಸದ್ದು ಚಕ್ರದ ಸದ್ದಿನೊಳಗೇ ಕೇಳಿಸುತ್ತದೆ. ಇದು ಪ್ರಕರಣಕ್ಕೆ ಸಂಬಂಧಿಸಿದ ಸಂಗತಿಯಲ್ಲ.

ಮಾರ್ಚ್ ೧೨, ಬುಧವಾರ

ಪರಿಶೀಲನೆಗಾಗಿ ಅಣೆಕಟ್ಟಿನವರೆಗೂ ಹೋದೆ. (ಘಟನೆ ನಡೆದದ್ದು ಅರ್ಧದಾರಿಯಲ್ಲಿ, ಆದರೂ ಪೂರ್ಣ ರಸ್ತೆಯ ಪರಿಚಯ ಅಗತ್ಯ.) ನೀರಿನಂಚಿನ ಮರದಿಂದ ನೀಲಿ ಹಕ್ಕಿಯೊಂದು ಬಾಣದಂತೆ ನೇರಕ್ಕೆ ಬಿದ್ದು ಮೀನು ಕಚ್ಚಿ ಎದ್ದಿತು. ನಲವತ್ತನಾಲ್ಕು ಕಿಲೋಮೀಟರು, ಮೂರು ಗಂಟೆ ಐವತ್ತು ನಿಮಿಷ. ಮಗಳು ಒಂದು ಗಂಟೆ ನಲವತ್ತಕ್ಕೆ ಮುಗಿಸುತ್ತಿದ್ದಳಂತೆ. ನಾನು ಆಗ ನಂಬಿರಲಿಲ್ಲ. ಗಡಿಯಾರ ತೋರಿಸು ಎಂದಿದ್ದೆ.

ಬರುವಾಗ ಸೇತುವೆಯ ಮೇಲೆ ನಿವೃತ್ತ ಅಂಚೆಯವನೊಬ್ಬ, ನನ್ನಷ್ಟೇ ವಯಸ್ಸಿನವನು, ಸೈಕಲ್ಲಿನಿಂದಿಳಿದು ಹಲ್ಲುಕಿರಿಯುತ್ತ ಬಂದ.

"ನೀವೇ ಅಲ್ವಾ ಟೇಪ್ ಸಾಹೇಬ್ರು? ಬನ್ನಿ, ಬದಲಾಯಿಸ್ಕೊಳ್ಳೋಣ."

"ಏನನ್ನು?"

"ಸೈಕಲ್ಲನ್ನ! ನಂದು ನೀವು ತಗೊಳ್ಳಿ, ನಿಮ್ದು ನನಗೆ ಕೊಡಿ."

ಹಾಡುಹಗಲೇ ಇಂಥ ದರೋಡೆ. ಹ್ಯಾಂಡಲ್ಲನ್ನು ಎರಡೂ ಕೈಯಿಂದ ಬಿಗಿಹಿಡಿದು, ಪೊಲೀಸರನ್ನು ಕರೆಯಬೇಕಾಗುತ್ತದೆ ಎಂದೆ. ಆತ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಪೊಲೀಸ್ನೋರೂ ಭಾನುವಾರ ಇಲ್ಲೇ ಬದಲಾಯಿಸ್ಕೊಳ್ಳೋದು ಯಜಮಾನ್ರೇ!"

ಗೇಟಿಗೆ ಬಂದು ವಿಚಾರಿಸಿದೆ. ಗೇಟಮ್ಮನ ವಿವರಣೆ ಹೀಗಿದೆ: ಸೇತುವೆಯ ಮೇಲೆ ಎದುರಾದ ಇಬ್ಬರು ಸವಾರರು ಮನಸ್ಸಾದರೆ ಸೈಕಲ್ ಬದಲಿಸಿಕೊಂಡು, ಇಳಿಜಾರಿನಲ್ಲಿ ಪಂಪ್‌ಹೌಸಿನವರೆಗೆ ಹೋಗಿ, ಮರಳಿ ಸೇತುವೆಗೆ ಬಂದು ತಮ್ಮತಮ್ಮದನ್ನು ಹಿಂಪಡೆಯುತ್ತಾರೆ. ಇದಕ್ಕೆ "ಒಂದು ಸುತ್ತು" ಎನ್ನುತ್ತಾರೆ. ಗುರುತಿಲ್ಲದವರ ಜೊತೆಗೂ ನಡೆಯುತ್ತದೆ. "ಆ ಸೇತುವೆ ಮೇಲೆ ಯಾರ ಸೈಕಲ್ಲೂ ಯಾರದ್ದೂ ಅಲ್ಲ ಸಾರ್. ನಿಮ್ಮ ಮಗಳಿಗೆ ಇದು ಪ್ರಾಣ. ನನ್ನ ಮುದಿ ಸೈಕಲ್ಲನ್ನೂ ಬಿಟ್ಟಿರ್ಲಿಲ್ಲ."

ನಾನು ಕೋಣೆಗೆ ಬಂದು ಬಹಳ ಹೊತ್ತು ಮೇಜಿನ ಮುಂದೆ ಕುಳಿತೆ. ಮೂರು ತಿಂಗಳಿಂದ ಕಣ್ಣ ಮುಂದಿದ್ದ ಉತ್ತರ ಎಷ್ಟು ಸರಳ! ಅವಳು ಬಿದ್ದದ್ದು ನೀಲಿ ಸೈಕಲ್ಲಿನಿಂದ ಅಲ್ಲ. ಬೇರೆಯವರ ಸೈಕಲ್ಲಿನಿಂದ. ಆ ಬೇರೆಯವರು ನೀಲಿಯ ಮೇಲೆ ಕುಳಿತಿದ್ದರು, ಸೀಟು ಏರಿಸಿದ್ದರು. ಅವಳು ಬಿದ್ದ ಮೇಲೆ ತಮ್ಮ ಸೈಕಲ್ ಅಡಗಿಸಿ, ಅವಳದನ್ನು ಅವಳ ಪಕ್ಕದಲ್ಲಿ ಮಲಗಿಸಿದ್ದಾರೆ.

ಮಲಗಿಸಿದ್ದಾರೆ. ಗೀರು ಬೀಳದ ಹಾಗೆ, ಮೆಲ್ಲಗೆ.

ಮಾರ್ಚ್ ೧೩, ಗುರುವಾರ

ಬೆಳಗಿನಿಂದ ಕಿಟಕಿಯಲ್ಲಿ ಕುಳಿತು ಮೆಕ್ಯಾನಿಕ್ಕನನ್ನು ಗಮನಿಸಿದೆ. ಒಬ್ಬ ಹೆಂಗಸು ಬ್ರೇಕು ಸರಿಮಾಡಿಸಲು ಬಂದಳು. ಅವನು ಸರಿಮಾಡಿ, ಪರೀಕ್ಷಿಸಲು ಅಂಗಳದಲ್ಲಿ ಒಂದೇ ಒಂದು ಸುತ್ತು ಹೊಡೆಯುವ ಮುನ್ನ ಸೀಟನ್ನು ತನ್ನ ಎತ್ತರಕ್ಕೆ ಏರಿಸಿಕೊಂಡ. ಇಳಿದ ಮೇಲೆ ಮತ್ತೆ ಅವಳ ಎತ್ತರಕ್ಕೆ ಇಳಿಸಿಕೊಟ್ಟ. ಮಧ್ಯಾಹ್ನದೊಳಗೆ ಆರು ಸೈಕಲ್ಲುಗಳು ಬಂದವು, ಆರಕ್ಕೂ ಹೀಗೆಯೇ. ಕಸುಬಿನ ಅಭ್ಯಾಸ. ತಪ್ಪು ಎತ್ತರದ ಸೀಟಿನ ಮೇಲೆ ಹತ್ತು ಅಡಿಯೂ ಕೂರಲಾರದ ಮನುಷ್ಯ.

ಗೇಟಿಗೆ ಹೋಗಿ ಹಾಜರಿ ಪುಸ್ತಕ ಕೇಳಿದೆ. ಗೇಟಮ್ಮ ತಡಮಾಡದೆ ಮುಂದೆ ತಳ್ಳಿದಳು. ಅವಳು ಅದರಲ್ಲಿ ಜನರ ಹೆಸರು ಬರೆಯುವುದಿಲ್ಲ, ಸೈಕಲ್ಲಿನ ಬಣ್ಣ ಬರೆಯುತ್ತಾಳೆ. "ಹೆಲ್ಮೆಟ್ ಹಾಕ್ಕೊಂಡ್ರೆ ಎಲ್ರೂ ಒಂದೇ ಥರ ಕಾಣ್ತಾರೆ. ಬಣ್ಣ ಆದ್ರೆ ತಪ್ಪೋದಿಲ್ಲ."

ಡಿಸೆಂಬರ್ ೧೪. ಒಳಗೆ: ಹಸಿರು, ೮.೨೦. ಒಳಗೆ: ನೀಲಿ, ೮.೩೫. ಹೊರಗೆ: ನೀಲಿ, ಪೊಲೀಸ್ ಗಾಡಿಯಲ್ಲಿ, ೧೨.೧೦.

ಹಸಿರು ಅಂದು ಹೊರಬಂದಿಲ್ಲ. ಎರಡು ಹಾಳೆ ತಿರುವಿದೆ. ಡಿಸೆಂಬರ್ ೧೬. ಹೊರಗೆ: ಹಸಿರು, ತಳ್ಳಿಕೊಂಡು.

"ಹಸಿರು ಯಾರದು?"

ಅವಳ ಸೂಜಿ ನಿಂತಿತು. ತಲೆಯನ್ನು ಶೆಡ್ಡಿನ ಕಡೆಗೆ ಒಂದಿಷ್ಟೇ ವಾಲಿಸಿದಳು.

"ಇದನ್ನು ನೀವು ಪೊಲೀಸರಿಗೆ ತಿಳಿಸಲಿಲ್ಲ."

"ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಆದ್ರೆ ಬರೀದೆ ಬಿಡ್ಲಿಲ್ಲ ಸಾಹೇಬ್ರೇ. ಪುಸ್ತಕ ಮೂರು ತಿಂಗಳಿಂದ ಈ ಮೇಜಿನ ಮೇಲೇ ಬಿದ್ದಿದೆ. ನೀವೇ ಹತ್ತು ದಿನದಿಂದ ಬೀಗ ನೋಡ್ತಿದ್ರಿ."

ಹೊರಬಂದಾಗ ಶೆಡ್ಡಿಗೆ ಬೀಗ ಬಿದ್ದಿತ್ತು.

ಮಾರ್ಚ್ ೧೭, ಸೋಮವಾರ

ನಾಲ್ಕು ದಿನವಾಯಿತು, ಅಂಗಡಿ ತೆರೆದಿಲ್ಲ. ತಪ್ಪಿತಸ್ಥನ ಲಕ್ಷಣ. ಆದರೆ ಪ್ರತಿದಿನ ಬೆಳಗ್ಗೆ ನನ್ನ ಸೈಕಲ್ಲಿನ ಗಾಳಿ ಮಾತ್ರ ಸರಿಯಾಗಿರುತ್ತದೆ. ನಿನ್ನೆ ಹ್ಯಾಂಡಲ್ಲಿಗೆ ಹೊಸ ಪಟ್ಟಿ ಸುತ್ತಿದ್ದರು.

ಇಂದು ಎರಡು ಗಂಟೆ ಐವತ್ತೈದು ನಿಮಿಷ. ದಾಖಲೆಗಾಗಿ ಬರೆದಿದ್ದೇನೆ, ಬೇರೆ ಕಾರಣವಿಲ್ಲ.

ಮಾರ್ಚ್ ೧೯, ಬುಧವಾರ

ಬೆಳಗ್ಗೆ ಆರಕ್ಕೆ ಶೆಡ್ಡಿನ ಹಿಂಬದಿಗೆ ಹೋದೆ. ಹಿಂಬಾಗಿಲು ಓರೆಯಾಗಿತ್ತು. ಗೋಡೆಯ ಮೊಳೆಗೆ, ಟಾರ್ಪಾಲು ಹೊದೆಸಿ, ಒಂದು ಸೈಕಲ್ ತೂಗುಹಾಕಿದ್ದರು. ಸರಿಸಿದೆ. ಹಸಿರು. ಹ್ಯಾಂಡಲ್ ಒಂದು ಕಡೆಗೆ ಸೊಟ್ಟಗಾಗಿ, ಬಣ್ಣ ಕೆತ್ತಿಹೋಗಿತ್ತು. ಎಲ್ಲರ ಸೈಕಲ್ ಸರಿಮಾಡುವವನು ತನ್ನದನ್ನು ಹಾಗೆಯೇ ಬಿಟ್ಟಿದ್ದ.

ಅಳೆಯುವ ಅಭ್ಯಾಸದಿಂದ ಬ್ರೇಕಿನ ತಂತಿಗಳನ್ನು ಬೆರಳಿನಿಂದ ಹಿಂಬಾಲಿಸಿದೆ. ನಮ್ಮಲ್ಲಿ ಬಲಗೈಯದು ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನದಕ್ಕೆ. ಇದರಲ್ಲಿ ತಿರುವುಮುರುವು. ಎಡಗೈಯ ತಂತಿ ಮುಂದಿನ ಚಕ್ರಕ್ಕೆ ಹೋಗುತ್ತಿತ್ತು.

"ನನ್ನ ಬಲಗೈಗೆ ಬಲ ಇಲ್ಲ ಸಾರ್. ಗಟ್ಟಿ ಬ್ರೇಕು, ಅಂದ್ರೆ ಮುಂದಿನದು, ಎಡಕ್ಕೆ ಬೇಕಾಗಿತ್ತು. ಅದಕ್ಕೆ ನಾನೇ ಬದಲಾಯಿಸ್ಕೊಂಡಿದ್ದೆ."

ಬಾಗಿಲಲ್ಲಿ ಅವನು ನಿಂತಿದ್ದ, ಕೈಯಲ್ಲಿ ಗಾಳಿ ಪಂಪು ಹಿಡಿದು. ಗಡ್ಡ ಬೆಳೆದಿತ್ತು. ನಾನು ಕೂರು ಎನ್ನಲಿಲ್ಲ, ಅವನೂ ಕೂರಲಿಲ್ಲ. ನಡೆದ ಸಂಭಾಷಣೆಯನ್ನು ಸಾಧ್ಯವಾದಷ್ಟು ಇದ್ದಂತೆಯೇ ದಾಖಲಿಸುತ್ತೇನೆ.

"ಅವತ್ತು ಸೇತುವೆ ಮೇಲೆ ಸಿಕ್ಕಿದಳು. 'ಅಣ್ಣಾ, ಇವತ್ತಾದ್ರೂ ನಿಮ್ಮ ಹಸಿರು ಕುದುರೆ ಕೊಡಿ' ಅಂದಳು. ನನ್ನ ಜೊತೆ ಅದೇ ಮೊದಲ ಸುತ್ತು. ಅವಳು ಮುಂದೆ, ನಾನು ಹಿಂದೆ. ತಿರುವಲ್ಲಿ ಬಾತುಕೋಳಿ ಸಾಲು ಹೊಲದಿಂದ ನದಿಗೆ ದಾಟ್ತಿತ್ತು, ಮರಿಗಳ ಸಮೇತ. ಅವಳು ಎಡಗೈ ಬಿಗಿ ಹಿಡಿದಳು. ಹಿಂದಿನ ಚಕ್ರ ನಿಲ್ಲುತ್ತೆ ಅಂದ್ಕೊಂಡು."

"ಮುಂದಿನದು ನಿಂತಿತು."

"ಹೌದು ಸಾರ್."

"ಬ್ರೇಕು ತಿರುವುಮುರುವಾಗಿದೆ ಎಂದು ನೀವು ಅವಳಿಗೆ ಹೇಳಿದ್ದಿರೋ, ಇಲ್ಲವೋ?"

ಅವನು ಪಂಪನ್ನು ಕೆಳಗಿಟ್ಟ.

"ಹೌದು ಅಥವಾ ಇಲ್ಲ. ಎರಡರಲ್ಲಿ ಒಂದು."

"ಎಲ್ರಿಗೂ ಹೇಳ್ತೀನಿ ಸಾರ್. ಹ್ಯಾಂಡಲ್ ಕೈಗೆ ಕೊಡೋವಾಗ ಬಾಯಿಗೆ ತಾನಾಗೇ ಬರುತ್ತೆ: ಎಡಗೈದು ಮುಂದಿನದು, ಮೆಲ್ಲಗೆ ಹಿಡೀರಿ ಅಂತ. ಸಾವಿರ ಸಲ ಹೇಳಿದೀನಿ. ಅದೇ ಆಗಿರೋ ಅನ್ಯಾಯ. ಅವತ್ತು ಹೇಳಿದ್ದು ನೆನಪಿಗೆ ಬರ್ತಿದೆಯೋ, ಇನ್ಯಾವತ್ತೋ ಇನ್ಯಾರಿಗೋ ಹೇಳಿದ್ದು ಬರ್ತಿದೆಯೋ, ಗೊತ್ತಾಗ್ತಿಲ್ಲ. ಮೂರು ತಿಂಗಳಿಂದ ಇದೊಂದನ್ನೇ ನೆನಪು ಮಾಡ್ಕೊಳ್ತಾ ಇದೀನಿ. ಹೇಳಿದೆ ಅಂತ ಆಣೆ ಇಡಕ್ಕೂ ಆಗಲ್ಲ, ಹೇಳ್ಲಿಲ್ಲ ಅಂತ ಒಪ್ಕೊಳ್ಳಕ್ಕೂ ಆಗಲ್ಲ."

"ಸೈಕಲ್ ಯಾಕೆ ಬದಲಿಸಿದಿರಿ?"

"ಗೊತ್ತಿಲ್ಲ ಸಾರ್. ಫೋನ್ ಮಾಡಿ ಆದ್ಮೇಲೆ ನನ್ನ ಸೈಕಲ್ ಅವಳ ಪಕ್ಕದಲ್ಲಿ ಬಿದ್ದಿದ್ದನ್ನ ನೋಡಕ್ಕಾಗ್ಲಿಲ್ಲ. ಪಂಪ್‌ಹೌಸಲ್ಲಿ ಇಟ್ಟೆ. ಪೊಲೀಸ್ನೋರು ಬರೋಷ್ಟರಲ್ಲಿ ಸುಳ್ಳು ಆಗಿಹೋಗಿತ್ತು. ಆಮೇಲೆ ಹೇಳಕ್ಕೆ ಧೈರ್ಯ ಸಾಲ್ಲಿಲ್ಲ."

ನಾನು ಬಾಗಿಲು ದಾಟುವಾಗ ಕೇಳಬಾರದೆಂದಿದ್ದ ಪ್ರಶ್ನೆಯನ್ನು ಕೇಳಿದೆ. ಅವಳು ಕೊನೆಯದಾಗಿ ಏನಾದರೂ ಹೇಳಿದಳೇ?

"ನಗ್ತಾ ಇದ್ದಳು ಸಾರ್. 'ಮಾನ್ಯ ಅಧ್ಯಕ್ಷರು ನೋಡಿದ್ರೆ ಬೈತಾರೆ' ಅಂದಳು. ಯಾರಮ್ಮ ಅದು ಅಂದೆ. 'ನಮ್ಮಪ್ಪ' ಅಂದಳು."

ಮಾರ್ಚ್ ೨೦, ಗುರುವಾರ

ಪ್ರಕರಣ ಸಿದ್ಧವಾಗಿದೆ. ಸಾಕ್ಷ್ಯನಾಶ, ಸುಳ್ಳು ಹೇಳಿಕೆ, ಅಜಾಗರೂಕತೆ. ಮೂರೂ ಸಾಬೀತಾಗುತ್ತವೆ. ನಾನು ಗೆದ್ದಿದ್ದೇನೆ.

ಮಾರ್ಚ್ ೨೨, ಶನಿವಾರ

ಹೆಂಡತಿಗೆ ಫೋನ್ ಮಾಡಿ ವಿಷಯವನ್ನು ಕ್ರಮವಾಗಿ ಮಂಡಿಸಿದೆ. ಅವಳು ಅಡ್ಡಮಾತಾಡದೆ ಕೇಳಿದಳು. ನಾನು ಉಪಸಂಹಾರಕ್ಕೆ ಬಂದು, ಒಂದು ಎಚ್ಚರಿಕೆಯ ಮಾತು ಹೇಳಿದೆನೋ ಇಲ್ಲವೋ ಎಂಬುದೇ ನೆನಪಿಲ್ಲದ ಮನುಷ್ಯನನ್ನು ಏನೆನ್ನಬೇಕು, ನಾನು ಪ್ರತಿ ಸಲ ಮಗಳಿಗೆ ಹೇಳಿಯೇ ಕಳಿಸುತ್ತಿದ್ದೆ, ಆವತ್ತೂ ಹೇಳಿದ್ದೆ ಎಂದೆ.

ಆ ಕಡೆ ಅವಳು ಕುರ್ಚಿ ಎಳೆದು ಕುಳಿತ ಸದ್ದು ಕೇಳಿತು.

"ರೀ," ಎಂದಳು. "ಅವತ್ತು ನೀವು ಏನೂ ಹೇಳ್ಲಿಲ್ಲ."

"ಹೇಳಿದ್ದೆ."

"ರೇಡಿಯೋದಲ್ಲಿ ವಾರ್ತೆ ಬರ್ತಿತ್ತು. ಅವಳು ಹೆಲ್ಮೆಟ್ ಹಿಡ್ಕೊಂಡು ಬಾಗಿಲಲ್ಲಿ ನಿಂತು 'ಅಪ್ಪಾ, ಬರ್ತೀನಿ' ಅಂದಳು. ನೀವು ಕೈ ಎತ್ತಿದ್ರಿ. ಇರು, ಕೇಳಿಸ್ಕೊಳ್ತಿದೀನಿ ಅನ್ನೋ ಹಾಗೆ. ಅವಳು ಒಂದ್ನಿಮಿಷ ಕಾದಳು. ಆಮೇಲೆ ನನಗೆ ಕಣ್ಣು ಹೊಡೆದು ಹೋದಳು."

"ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿ ಏನ್ ಮಾಡ್ಲಿ ರೀ? ನಿಮಗೆ ನೆನಪಿದೆಯಲ್ಲ."

ಮಾರ್ಚ್ ೨೩, ಭಾನುವಾರ

ಬೆಳಗಿನಿಂದ ನೆನಪಿಸಿಕೊಳ್ಳಲು ಯತ್ನಿಸುತ್ತಿದ್ದೇನೆ. ನನ್ನ ದನಿ ಸ್ಪಷ್ಟವಾಗಿ ಕೇಳಿಸುತ್ತದೆ: ನೋಡ್ಕೊಂಡು ಹೋಗು. ಬಾಗಿಲಲ್ಲಿ ಅವಳೂ ಕಾಣುತ್ತಾಳೆ. ಒಮ್ಮೆ ಹಳದಿ ಅಂಗಿ, ಒಮ್ಮೆ ಬೂದು, ಒಮ್ಮೆ ಕಾಲೇಜಿನ ಚೀಲ. ಯಾವ ದಿನದ್ದೆಂದು ಹೇಳಲಾರೆ.

ಮಾರ್ಚ್ ೨೪, ಸೋಮವಾರ

ಸೀಟನ್ನು ಗೆರೆಗೆ ಇಳಿಸಿದೆ. ಸವಾರಿ ಮಾಡಲಿಲ್ಲ.

ಮಾರ್ಚ್ ೨೬, ಬುಧವಾರ

ಆಕ್ಷೇಪಣೆಯ ನಮೂನೆ ತುಂಬಿಸಲು ಕುಳಿತೆ. ವಿವರಗಳ ಭಾಗ ಸಲೀಸಾಗಿ ಸಾಗಿತು. ಆರನೆಯ ಅಂಕಣ: "ಲೋಪ ಯಾರದು". ಅಲ್ಲಿ ಲೇಖನಿ ನಿಂತಿತು.

ಚರ್ಚೆಯಲ್ಲಿ ನಾವು ಕಲಿತ ಮೊದಲ ನಿಯಮ, ಆರೋಪಿಸುವವನೇ ಸಾಬೀತುಪಡಿಸಬೇಕು ಎಂಬುದು. ಅಡಗಿಸಿದ್ದನ್ನು ಸಾಬೀತುಪಡಿಸಬಲ್ಲೆ. ಹೇಳಲಿಲ್ಲವೆಂಬುದನ್ನು? ಅದಕ್ಕೆ ಸಾಕ್ಷಿಗಳು ಇಬ್ಬರು. ಒಬ್ಬಳು ಇಲ್ಲ, ಇನ್ನೊಬ್ಬನಿಗೆ ನೆನಪಿಲ್ಲ. ಅವನ ಮರೆವನ್ನು ಅಪರಾಧವೆಂದು ಬರೆಯುವ ಕೈಗೆ, ತನ್ನದೇ ಒಂದು ಬೆಳಗಿನ ಲೆಕ್ಕ ಕೊಡಲು ಬರುವುದಿಲ್ಲ.

ಅಂಕಣವನ್ನು ಖಾಲಿ ಬಿಟ್ಟಿದ್ದೇನೆ. ಜೀವಮಾನದಲ್ಲಿ ನಾನು ಖಾಲಿ ಬಿಟ್ಟ ಮೊದಲ ಅಂಕಣ. ಅದರ ಕೆಳಗೆ, "ಕೋರಿಕೆ" ಎಂಬಲ್ಲಿ, ಒಂದು ವಾಕ್ಯ ಬರೆದೆ: ಸೇತುವೆಯ ಎರಡೂ ತುದಿಗಳಲ್ಲಿ, ಸೈಕಲ್ ಬದಲಿಸಿಕೊಳ್ಳುವವರು ಯಾವ ಕೈಯ ಬ್ರೇಕು ಯಾವ ಚಕ್ರದ್ದೆಂದು ಮೊದಲು ಕೇಳಿ ತಿಳಿಯತಕ್ಕದ್ದು ಎಂಬ ಫಲಕ ಹಾಕುವುದು.

ಮಾರ್ಚ್ ೨೭, ಗುರುವಾರ

ಸಂಜೆ ಮೆಕ್ಯಾನಿಕ್ ಕೋಣೆಗೆ ಬಂದ, ಗಡ್ಡ ಬೋಳಿಸಿಕೊಂಡು. ತನ್ನ ಹೊಸ ಹೇಳಿಕೆಯನ್ನು ಎರಡು ಹಾಳೆಯಲ್ಲಿ ಬರೆದು ತಂದಿದ್ದ. ಸೈಕಲ್ ಅಡಗಿಸಿದ್ದನ್ನೂ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡಿದ್ದಾನೆ. ಕೊನೆಯ ಸಾಲು: "ಎಚ್ಚರಿಕೆ ಹೇಳಲಿಲ್ಲ. ತಪ್ಪು ನನ್ನದೇ."

"ಇದು ನಿಜವೇ?" ಎಂದೆ.

"ಇರಬಹುದು ಸಾರ್. ಹಾಗಂತ ಬರೆದ್ರೆ ನಿಮಗೆ ಸಮಾಧಾನ ಆಗುತ್ತೇಂತ..."

"ನನ್ನ ಸಮಾಧಾನಕ್ಕೆ ಸುಳ್ಳು ಬರೆಯಬೇಡಿ. ಹೊಡೆದುಹಾಕಿ. 'ನೆನಪಿಲ್ಲ' ಎಂದು ಬರೆಯಿರಿ."

ಅವನು ಎಡಗೈಯಿಂದ ಆ ಸಾಲನ್ನು ಹೊಡೆದುಹಾಕಿದ. ಬರೆಯಲು ಬಹಳ ಹೊತ್ತು ಹಿಡಿಯಿತು. ನಾನು ನೀರು ಕೊಟ್ಟೆ. ಇದರಿಂದ ಅಂಗಡಿಯ ಪರವಾನಗಿ ಹೋಗಬಹುದು, ಶಿಕ್ಷೆಯೂ ಆಗಬಹುದು ಎಂಬುದು ಗೊತ್ತಿದೆಯೇ ಎಂದು ಕೇಳಿದೆ. ಗೊತ್ತಿದೆ ಎಂದ.

"ನಾಳೆ ಕಚೇರಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗೋಣ. ಅದಕ್ಕೆ ಮುಂಚೆ, ಏಳಕ್ಕೆ, ಸೇತುವೆಗೆ ಬನ್ನಿ. ಹಸಿರನ್ನು ಸರಿಮಾಡಿಕೊಂಡು ತನ್ನಿ."

"ಬ್ರೇಕು ತಿರುಗಿಸಿ ಹಾಕ್ಲಾ ಸಾರ್? ಎಲ್ರ ಥರ?"

"ಬೇಡ. ಇದ್ದ ಹಾಗೇ ಇರಲಿ."

ಮಾರ್ಚ್ ೨೮, ಶುಕ್ರವಾರ

ರಸ್ತೆ ಕಚೇರಿಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಕಾಗದಗಳನ್ನು ಒಪ್ಪಿಸಿಯಾಗಿದೆ. ಅವನನ್ನು ಒಳಗೆ ಕರೆದಿದ್ದಾರೆ. ಹೊರಬರುವವರೆಗೆ ನಾನು ಇಲ್ಲಿರುವುದು ಉಚಿತ.

ಬೆಳಗ್ಗೆ ಸೇತುವೆಯ ಮೇಲೆ ಅವನು ಮೊದಲೇ ಬಂದು ನಿಂತಿದ್ದ. ನೀಲಿಯನ್ನು ಅವನಿಗೆ ಕೊಟ್ಟೆ. ಅಭ್ಯಾಸಬಲದಿಂದ ಅವನ ಕೈ ಸೀಟಿನ ಹಿಡಿಕೆಗೆ ಹೋಗಿ, ಗೆರೆಯನ್ನು ಕಂಡು, ಅಲ್ಲೇ ನಿಂತಿತು.

"ಏರಿಸಿಕೊಳ್ಳಿ," ಎಂದೆ. "ಸುತ್ತು ಮುಗಿದ ಮೇಲೆ ಗೆರೆಗೆ ಇಳಿಸಿಕೊಡಿ."

ಅವನು ಹಸಿರಿನ ಹ್ಯಾಂಡಲ್ಲನ್ನು ನನ್ನ ಕೈಗಿತ್ತ. ಬಿಡಲಿಲ್ಲ.

"ಎಡಗೈದು ಮುಂದಿನದು ಸಾರ್. ಮೆಲ್ಲಗೆ ಹಿಡೀರಿ."

"ಇನ್ನೊಮ್ಮೆ ಹೇಳಿ."

"ಎಡಗೈದು ಮುಂದಿನದು. ಮೆಲ್ಲಗೆ ಹಿಡೀರಿ."

ಸಾವಿರದ ಮೇಲೆ ಎರಡು. ಹತ್ತುವ ಮುನ್ನ ನಾನು ಎರಡೂ ಬ್ರೇಕನ್ನು ಹಿಡಿದು, ಚಕ್ರ ನೋಡಿ ಖಚಿತಪಡಿಸಿಕೊಂಡೆ. ಯಾರ ಮಾತನ್ನೂ ಪರೀಕ್ಷಿಸದೆ ನಂಬುವವನು ನಾನಲ್ಲ. ನಂತರ ಇಳಿಜಾರಿಗೆ ಬಿಟ್ಟೆ. ಗಾಳಿ ಕಿವಿ ತುಂಬಿತು. ತಿರುವಿನ ಬಳಿ ಬಾತುಗಳಿರಲಿಲ್ಲ. ಬಂದರೂ ಬರಬಹುದೆಂದು ಮೊದಲೇ ಎಡಗೈಯನ್ನು ಮೆಲ್ಲಗೆ ಒತ್ತಿ, ಕಟ್ಟೆಯ ಪಕ್ಕದಲ್ಲಿ ಕಾಲೂರಿ ನಿಂತೆ. ಹಿಂದೆ ಬರುತ್ತಿದ್ದ ನೀಲಿ ಸೈಕಲ್ಲಿನ ಸದ್ದು ಸ್ವಲ್ಪ ದೂರದಲ್ಲೇ ನಿಂತಿತು. ಅವನು ಹತ್ತಿರ ಬರಲಿಲ್ಲ. ನಾನು ಕಲ್ಲಿನ ಮೇಲೆ ಕೈಯಿಟ್ಟೆ. ಬೆಳಗಿನ ತಂಪಿತ್ತು.

ಕಚೇರಿಯ ಹೊರಗಿಂದ ಹೆಂಡತಿಗೆ ಫೋನ್ ಮಾಡಿದೆ. ಭಾನುವಾರ ತಾನೂ ಬಂದು ಆ ರಸ್ತೆ ನೋಡುತ್ತೇನೆ, ಬೆಳಗಿನ ರೈಲಿಗೆ ಹೊರಡುತ್ತೇನೆ ಎಂದಳು. "ನೋಡ್ಕೊಂಡು ಬಾ" ಎಂದೆ.

ಹೇಳಿದ್ದೇನೆ. ಮಾರ್ಚ್ ಇಪ್ಪತ್ತೆಂಟು, ಹನ್ನೊಂದು ಗಂಟೆ ನಲವತ್ತು ನಿಮಿಷ. ಭಾನುವಾರ ಅವಳು ಹೊರಡುವಾಗ ಮತ್ತೆ ಹೇಳುವುದು.